ಲಂಗದ ಚುಂಗು

ಡೊಂಬಿವಲಿ, ಗುರುವಾರ

ಚಿ. ಶ್ರುತಿಗೆ ಅಪ್ಪನ ಆಶೀರ್ವಾದಗಳು.

ಮಂಗಳವಾರ ರಾತ್ರಿ ನೀನು ಫೋನ್ ಇಟ್ಟ ಮೇಲೆ ಎರಡು ಸಲ ಮಾಡಿದೆ, ಎತ್ತಲಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೀಟು ಬಿತ್ತೋ ಇಲ್ಲವೋ ಅಂತ ನೋಡುತ್ತಾ ಕೂರಬೇಕು. ಅದಕ್ಕೇ ಕಾಗದ. ಭಾನುವಾರದೊಳಗೆ ನಿನ್ನ ಕೈ ಸೇರಲಿ ಅಂತ ಕುರಿಯರ್‌ಗೆ ಕೊಡುತ್ತಿದ್ದೇನೆ.

"ನಾಲ್ಕು ಜನರೆದುರು ನಗೆಪಾಟಲಾಗಬೇಡ" ಅಂತ ನಾನು ಅಂದದ್ದು ತಪ್ಪು. ಹಾಸ್ಯ ಬರೆಯುವವರನ್ನು ವೇದಿಕೆಯ ಮೇಲೆ ಮಾತಾಡಿಸಲು ಹೊರಟವಳಿಗೆ ಹೇಳುವ ಮಾತೇ ಅಲ್ಲ ಅದು. ಆದರೆ ನೀನು "ಇನ್ನೂ ನನ್ನ ಲಂಗ ಬಿಟ್ಟಿಲ್ಲ ಅಪ್ಪ ನೀನು" ಅಂದೆಯಲ್ಲ, ಅದು ನಾಟಿತು. ನಿನಗೆ ಮರೆತಿದೆ ಅಂದುಕೊಂಡಿದ್ದೆ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೆಲಸದ ಮಾತು.

ಪುಣೆಯ ನಿನ್ನ ಹಾಸ್ಯಗೋಷ್ಠಿಗೆ ಎಂಬತ್ತು ಜನ ಬರಬಹುದು ಅಂದೆ. ಹಾಗಿದ್ದರೆ ಅರವತ್ತೇ ಕುರ್ಚಿ ಹಾಕಿಸು. ಉಳಿದದ್ದು ಗೋಡೆಗೆ ಒರಗಿರಲಿ, ಜನ ಬಂದ ಹಾಗೆ ಬಿಡಿಸಿ ಕೊಡಬಹುದು. ವಿಮರ್ಶೆಯ ಗೋಷ್ಠಿಗೆ ಖಾಲಿ ಕುರ್ಚಿ ಅಡ್ಡಿಯಲ್ಲ, ಕೆಲವೊಮ್ಮೆ ಅದೇ ಶೋಭೆ. ನಗೆಗೆ ಹಾಗಲ್ಲ. ಪಕ್ಕದವರ ಭುಜ ಅಲ್ಲಾಡಿದ್ದು ತಾಗಬೇಕು, ಆಗಲೇ ಇವರ ಬಾಯಿಯೂ ಬಿಡುತ್ತದೆ. ನಡುವೆ ಮೂರು ಕುರ್ಚಿ ಖಾಲಿ ಬಿಟ್ಟು ಕೂತವರು ಮುಗುಳ್ನಗುತ್ತಾರೆ ಅಷ್ಟೆ, ಆ ಮುಗುಳ್ನಗೆ ವೇದಿಕೆಗೆ ಕೇಳಿಸುವುದಿಲ್ಲ. ಸಭೆಯ ಮೇಲಿನ ದೀಪಗಳನ್ನೂ ಪೂರ್ತಿ ಆರಿಸಬೇಡ. ಒಬ್ಬರ ಮುಖ ಒಬ್ಬರಿಗೆ ಕಾಣಲಿ.

ಲೇಖಕರು ಓದುವ ಭಾಗ ಏಳು ನಿಮಿಷ ಮೀರದಿರಲಿ. ಗಟ್ಟಿಯಾಗಿ ಓದುವಾಗ ಕನ್ನಡ ನಿಮಿಷಕ್ಕೆ ನೂರು ಪದದಷ್ಟು ಸಾಗುತ್ತದೆ. ಜನ ನಕ್ಕರೆ ಇನ್ನೂ ಕಡಿಮೆ. ಅಂದರೆ ಆರುನೂರು ಪದ ಸಾಕು. ಆ ಪುಟಗಳನ್ನು ದೊಡ್ಡದು ಮಾಡಿ ಝೆರಾಕ್ಸ್ ತೆಗೆಸು, ಒಂದೇ ಮಗ್ಗುಲಿಗೆ. ಪಿನ್ ಹೊಡೆಯಬೇಡ, ಹಾಳೆ ತಿರುವುವ ಸದ್ದು ಮೈಕಿಗೆ ಬೀಳುತ್ತದೆ. ಮೂಲೆಯಲ್ಲಿ ಪುಟಸಂಖ್ಯೆ ಹಾಕು, ಫ್ಯಾನಿನ ಗಾಳಿಗೆ ಹಾರಿದರೆ ಜೋಡಿಸಲು ಬೇಕಾಗುತ್ತದೆ. ಮೈಕು ಬಾಯಿಂದ ನಾಲ್ಕು ಬೆರಳು ದೂರ. ನೀನು ಅವರ ಕಡೆ ತಿರುಗಿ ಕೇಳುವಾಗ ಮುಖದ ಜೊತೆ ಮೈಕೂ ತಿರುಗಬೇಕು. ಹೆಚ್ಚಿನವರು ತಪ್ಪುವುದು ಅಲ್ಲೇ: ಪ್ರಶ್ನೆ ಲೇಖಕರಿಗೆ ಮಾತ್ರ ಕೇಳಿಸುತ್ತದೆ, ಉತ್ತರ ಎಲ್ಲರಿಗೂ. ಆಗ ಹಿಂದಿನ ಸಾಲಿನವರು ಊಟದ ಸುದ್ದಿಗೆ ಇಳಿಯುತ್ತಾರೆ.

ನಗು ಎದ್ದಾಗ ತಕ್ಷಣ ಮುಂದಿನ ಮಾತಿಗೆ ಹಾರಬೇಡ. ಪೂರ್ತಿ ನಿಲ್ಲುವ ತನಕವೂ ಕಾಯಬೇಡ, ಸಭೆ ತಣ್ಣಗಾಗಿಬಿಡುತ್ತದೆ. ಹಾಲು ಉಕ್ಕಿ ಇನ್ನೇನು ಇಳಿಯಿತು ಅನ್ನುವಾಗ ಸೌಟು ಹಾಕುತ್ತಾಳಲ್ಲ ಅಮ್ಮ, ಆ ಹೊತ್ತು.

ಮರಾಠಿ ಗೆಳೆಯರಿಗೂ ಅರ್ಥವಾಗಲಿ ಅಂತ ಪ್ರತಿ ಜೋಕನ್ನೂ ಬಿಡಿಸಿ ಹೇಳುತ್ತೇನೆ ಅಂದದ್ದಕ್ಕೆ ನಾನು ರೇಗಿದೆ. ಬೇಡವೇ ಬೇಡ ಅಂತಲ್ಲ. ನಕ್ಕ ಮೇಲೆ ಅರ್ಥ ಹೇಳಿದರೆ ನಗದವನಿಗೆ ಅವಮಾನ, ನಕ್ಕವನಿಗೆ ಬೇಸರ. ಬೇಕಾದ ಪದದ ಅರ್ಥವನ್ನು ಓದುವ ಮೊದಲೇ, ಬೇರೆ ಯಾವುದೋ ನೆಪದಲ್ಲಿ, ಹೇಳಿಬಿಡು. ಆಯ್ಕೆಯಲ್ಲೂ ವಿವೇಕವಿರಲಿ. ಪದದ ಮೇಲೆ ನಿಂತ ಹಾಸ್ಯ ಗಡಿ ದಾಟುವುದಿಲ್ಲ. ಬೀಚಿಯವರ ಅರ್ಧ ತಮಾಷೆ ಕನ್ನಡ ಬಲ್ಲ ಕಿವಿಗೇ. ಕೈಲಾಸಂ ಪಾತ್ರಗಳ ಇಂಗ್ಲಿಷ್ ಬೆರೆತ ಕನ್ನಡವಂತೂ ಕಣ್ಣಿನಲ್ಲಿ ಓದಿದರೆ ನಮಗೇ ಮುಗ್ಗರಿಸುತ್ತದೆ, ಬಾಯಿಬಿಟ್ಟು ಓದಿದರೆ ಮಾತ್ರ ಓಡುತ್ತದೆ. ಪದಗಳಿಗೆ ತಮಾಷೆಯ ಅರ್ಥ ಕೊಡುವ ನಾ. ಕಸ್ತೂರಿಯವರ 'ಅನರ್ಥಕೋಶ'ವನ್ನು ಐದಾರು ಅರ್ಥಕ್ಕೆ ನಿಲ್ಲಿಸು. ಹತ್ತನೆಯದಕ್ಕೆ ನಿಘಂಟು ಓದಿದ ಹಾಗಾಗುತ್ತದೆ. ಗೊರೂರರ ಹಳ್ಳಿಯ ಮನುಷ್ಯರು ಹಾಗಲ್ಲ, ಯಾವ ಭಾಷೆಯವರ ಮನೆಗಾದರೂ ಹೋಗಿ ಕೂರುತ್ತಾರೆ. ಮರಾಠಿಯ ಹಾಸ್ಯಲೇಖಕ ಪು.ಲ. ದೇಶಪಾಂಡೆಯವರ ಊರಿನ ಜನ ನಿನ್ನ ಮುಂದೆ ಕೂತಿರುತ್ತಾರೆ, ವ್ಯಕ್ತಿಚಿತ್ರದ ರುಚಿ ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇನ್ನೊಂದು: ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ 'ಕೊರವಂಜಿ'ಗೆ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆಯುತ್ತಿದ್ದರು ಅಂತ ಶುರುವಿಗೇ ಹೇಳು. ಲಕ್ಷ್ಮಣ್ 2015ರಲ್ಲಿ ತೀರಿಕೊಂಡದ್ದು ನಿಮ್ಮ ಪುಣೆಯಲ್ಲೇ. ಮರಾಠಿಯವರು ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ. ಹಾಸ್ಯಲೇಖಕಿ ಟಿ. ಸುನಂದಮ್ಮನವರನ್ನೂ ಮರೆಯಬೇಡ. ಹೆಂಗಸರಿಗೆ ಹಾಸ್ಯ ಬರುವುದಿಲ್ಲ ಅನ್ನುವವರೊಬ್ಬರು ಪ್ರತಿ ಸಭೆಗೂ ಬಂದೇ ಬರುತ್ತಾರೆ, ಸಾಮಾನ್ಯವಾಗಿ ಮೊದಲ ಸಾಲಿಗೆ.

ಸರಿ. ಆ ಲಂಗದ ವಿಷಯ.

ನಿನಗೆ ಹನ್ನೊಂದು. ಮುಂಬೈಯ ಮಾಟುಂಗದ ಹಾಲ್, ಒಬ್ಬ ಹಾಸ್ಯಲೇಖಕರ ಗೋಷ್ಠಿ. ಮಳೆಗಾಲ, ಬಾಗಿಲ ಬಳಿ ಕೊಡೆಗಳ ರಾಶಿ. ಉಳಿದದ್ದು ನಿನಗೆ ಗೊತ್ತು. ನೀನು ಎದ್ದು ನಿಂತು, "ಬರೀವಾಗ ನಿಮಗೇ ನಗು ಬರ್ತದಾ?" ಅಂದೆ. ಸಭೆ ಗೊಳ್ಳೆಂದಿತು. ನಾನು ಹಿಂದಿನಿಂದ ಲಂಗದ ಚುಂಗು ಹಿಡಿದು ಎಳೆದೆ. ಹಸಿರು ಲಂಗ, ಸಣ್ಣ ಜರಿಯಂಚು, ಬೆರಳಿಗೆ ಒರಟಾಗಿ ತಾಗಿದ್ದು ಈಗಲೂ ಗೊತ್ತಾಗುತ್ತದೆ.

ನಿನಗೆ ಗೊತ್ತಿಲ್ಲದ್ದು ಇದು. ನೀನು ತಲೆ ತಗ್ಗಿಸಿ ಕೂತಿದ್ದೆ, ಕಾಣಲಿಲ್ಲ. ಲೇಖಕರು ನಗಲಿಲ್ಲ. ಮೈಕನ್ನು ಹತ್ತಿರಕ್ಕೆಳೆದುಕೊಂಡು ಬಾಯಿ ತೆರೆದಿದ್ದರು. ಉತ್ತರ ಹೇಳುವವರಿದ್ದರು. ಕೇಳಿದ ಮಗುವೇ ಕಾಣದಾದಾಗ ಒಂದು ಗಳಿಗೆ ಹುಡುಕಿ, ಮುಂದಿನವರ ಕಡೆ ತಿರುಗಿದರು. ಆ ಮುಂದಿನವರು ಪ್ರಶ್ನೆ ಅಂತ ಎದ್ದು ಹತ್ತು ನಿಮಿಷ ತಮ್ಮದೇ ಕವನಸಂಕಲನದ ಬಗ್ಗೆ ಮಾತಾಡಿದರು. ಅವರ ಶರಟನ್ನು ಯಾರೂ ಎಳೆಯಲಿಲ್ಲ.

ಆಮೇಲೆ ಸಹಿಯ ಸಾಲಿನಲ್ಲಿ ನಿಂತೆವು. ಅಲ್ಲಾದರೂ ಕೇಳು ಅನ್ನಬಹುದಿತ್ತು. ಅನ್ನಲಿಲ್ಲ. ಅವರು ಹೆಸರು ಕೇಳಿ 'ಶೃತಿ' ಅಂತ ಬರೆದರು. ತಿದ್ದಲೂ ನಾಚಿಕೆ ನನಗೆ. ನುಣುಪು ಕಾಗದ, ಶಾಯಿಯ ಪೆನ್ನು, ಒಣಗುವ ಮುಂಚೆ ಪುಸ್ತಕ ಮುಚ್ಚಿದೆ. ಎದುರು ಪುಟದಲ್ಲಿ ಸಹಿ ತಿರುವುಮುರುವಾಗಿ ಅಚ್ಚಾಗಿದೆ. ಆ ಪುಸ್ತಕ ನನ್ನ ಕಪಾಟಿನಲ್ಲಿದೆ. ನೆನ್ನೆಯೂ ತೆಗೆದೆ.

ಅದೇ ನಿನ್ನ ಕೊನೆಯ ಪ್ರಶ್ನೆ. ಆಮೇಲೆ ಎಷ್ಟು ಗೋಷ್ಠಿಗೆ ಕರೆದುಕೊಂಡು ಹೋದೆ, ಎಷ್ಟು ಹಾಸ್ಯದ ಪುಸ್ತಕ ಓದಿದೆ ನೀನು, ಸಭೆಯಲ್ಲಿ ಬಾಯಿ ಬಿಟ್ಟಿದ್ದು ಕಾಣೆ. ಚಿಕ್ಕವಳಲ್ಲವೇ, ನಾಚಿಕೆ, ಅಂತ ಊರಿಗೆಲ್ಲ ಹೇಳಿದೆ. ಈಗ ಪುಣೆಯವರು ಹುಡುಕಿಕೊಂಡು ಬಂದು ನಿನ್ನನ್ನೇ ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಕೂರಿಸಿದ್ದಾರೆ. ಬಿಲ್ಡಿಂಗಿನ ಎಲ್ಲರಿಗೂ ಹೇಳಿಯಾಯಿತು. ಕೆಳಗಿನ ಮನೆಯವರಿಗೆ ಎರಡು ಸಲ. ಆದರೂ ಮಂಗಳವಾರ ಬಾಯಲ್ಲಿ ಬಂದದ್ದು ಅದೇ ಹಳೆಯ ಎಳೆತ.

ಇನ್ನೊಂದೆರಡು ಮಾತು, ಉಪದೇಶ ಅಂದರೆ ಅನ್ನು. "ನಿಮ್ಮ ಸ್ಫೂರ್ತಿ ಯಾರು" ಬೇಡ. "ಒಂದು ಜೋಕ್ ಹೇಳಿ ಸರ್" ಅಂತೂ ಬೇಡ, ಅಡುಗೆಭಟ್ಟರಿಗೆ ಮದುವೆಮನೆಯ ಬಾಗಿಲಲ್ಲೇ ಒಗ್ಗರಣೆ ಹಾಕಿ ಅಂದ ಹಾಗೆ. ಪುಸ್ತಕ ತೆರೆದು ಒಂದು ಸಾಲು ತೋರಿಸಿ, "ಇದು ಮೊದಲ ಸಲವೇ ಹೀಗೆ ಬಂತಾ, ಏನೇನು ಹೊಡೆದುಹಾಕಿದಿರಿ?" ಅಂತ ಕೇಳು. ಬರೆಯುವವರು ಅರಳುವುದು ಅಲ್ಲಿ. ಪ್ರಶ್ನೋತ್ತರಕ್ಕೆ ಹದಿನೈದು ನಿಮಿಷ ಇಡು. ಮೈಕನ್ನು ಸಭಿಕರ ಕೈಗೆ ಕೊಡಬೇಡ, ಕಾರ್ಯಕರ್ತರೇ ಹಿಡಿದಿರಲಿ; ಕೊಟ್ಟ ಮೈಕು ವಾಪಸ್ ಬರುವುದಿಲ್ಲ. ಮಾರಾಟಕ್ಕೆ, ಎಂಬತ್ತು ಜನಕ್ಕೆ ಪುಸ್ತಕದ ಮೂವತ್ತು ಪ್ರತಿ ಸಾಕು, ಉಳಿದದ್ದು ವಾಪಸು ಅಂತ ಪ್ರಕಾಶಕರ ಹತ್ತಿರ ಮೊದಲೇ ಮಾತಾಡು. ಹಾಲ್ ನೆಲಮಾಳಿಗೆಯಲ್ಲಿದ್ದರೆ ಫೋನಿನಲ್ಲಿ ದುಡ್ಡು ಹೋಗದಿರಬಹುದು, ಹತ್ತು ಐವತ್ತರ ಚಿಲ್ಲರೆ ಇಟ್ಟುಕೊಂಡಿರು. ಸಹಿಗೆ ಬಾಲ್‌ಪೆನ್ನು. ಹೆಸರು ಬರೆದ ಚೀಟಿಯನ್ನು ಶೀರ್ಷಿಕೆ ಪುಟದಲ್ಲಿಟ್ಟು ಪುಸ್ತಕ ಮುಂದೆ ಕೊಡಲು ಒಬ್ಬರನ್ನು ನಿಲ್ಲಿಸು. ಮಕ್ಕಳು ಕೈ ಎತ್ತಿದರೆ ಮೊದಲ ಅವಕಾಶ ಅವರಿಗೆ.

ನಾವು ಕಲ್ಯಾಣದಿಂದ ಬೆಳಗಿನ ಗಾಡಿಗೆ ಬರುತ್ತೇವೆ, ನೀನು ಬೇಡ ಅನ್ನದಿದ್ದರೆ. ಅಮ್ಮ ಕೋಡುಬಳೆ ಕರಿದಿದ್ದಾಳೆ, ಸಭೆಗೆ ಮುಂಚೆ ತಿನ್ನಬೇಡ, ಗಂಟಲು ಕಟ್ಟುತ್ತದೆ. ನಾನು ಕೊನೆಯ ಸಾಲಿನಲ್ಲಿ ಕೂರುತ್ತೇನೆ.

ನಿನ್ನ ಪ್ರತಿಗೂ ಸಹಿ ಹಾಕಿಸಿಕೋ. ಹೆಸರಿನ ಚೀಟಿ ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ದಪ್ಪ ಅಕ್ಷರದಲ್ಲಿ. ಶಕ್ಕೆ ರ ಒತ್ತು, ಕೊಂಬು. ವಟ್ರಸುಳಿ ಅಲ್ಲ.

ನಿನ್ನ
ಅಪ್ಪ