ಗೆಳೆಯನಿಗೊಂದು ಪತ್ರ: 23ನೆಯ ಕಿಲೋಮೀಟರಿನಿಂದ

ಪ್ರಿಯ ಗೆಳೆಯಾ,

ಭಾನುವಾರದ ಓಟ ಹೇಗಾಯಿತೆಂದು ನೀನು ಕೇಳಿ ನಾಲ್ಕು ದಿನಗಳಾದವು. ನಾನು ಮೇಲೆತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿ ಸುಮ್ಮನಾದೆ. 32 ಕಿಲೋಮೀಟರು ಓಡಿ ಬಂದವನು ಆ ವಿಷಯವನ್ನು ಒಂದು ಹೆಬ್ಬೆರಳಿನಲ್ಲಿ ಮುಗಿಸುವುದು ಎಲ್ಲಿಯೂ ಕಂಡು ಕೇಳಿದ ಸಂಗತಿಯಲ್ಲ ಎಂಬುದು ನಿನಗೆ ಗೊತ್ತು, ಈ ಪತ್ರವನ್ನು ನಿನ್ನ ಹೆಗಲ ಮೇಲಿನಿಂದ ಇಣುಕಿ ಓದುತ್ತಿರುವ ಉಳಿದವರಿಗೂ ಗೊತ್ತು. ದೂರದ ಓಟದಲ್ಲಿ ಹಾಡನ್ನೂ ತಿನಿಸನ್ನೂ ನಂಬಿಕೊಂಡು ಉತ್ಸಾಹ ಉಳಿಸಿಕೊಳ್ಳುವುದು ಹೇಗೆಂದು ಬರೆಯುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ; ನಿನಗೆ ಕೊಡಬೇಕಾದ ಉತ್ತರವನ್ನೂ ಅವರಿಗೆ ಕೊಟ್ಟ ಮಾತನ್ನೂ ಒಂದೇ ಲಕೋಟೆಗೆ ತುಂಬಿಸುತ್ತಿದ್ದೇನೆ. ಮೂರನೆಯ ಬಾಳೆಹಣ್ಣಿನ ವಿಷಯವನ್ನು ಎತ್ತುವುದಿಲ್ಲ, ಹೆದರಬೇಡ.

ನೀನು ಜೊತೆಗಿದ್ದಷ್ಟು ಕಾಲ ತಿನಿಸಿನ ಖಾತೆ ನಿನ್ನದಾಗಿತ್ತು. ಅರ್ಧ ಗಂಟೆಗೊಮ್ಮೆ ನೀನು ತಿರುಗಿಯೂ ನೋಡದೆ ಕೈಯನ್ನು ಹಿಂದಕ್ಕೆ ಚಾಚುತ್ತಿದ್ದೆ, ನಾನು ಅದರಲ್ಲಿದ್ದುದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಹಸಿವಿದೆಯೇ ಎಂದು ನೀನು ಕೇಳಿದವನಲ್ಲ. ಹಸಿವಾದ ಮೇಲೆ ತಿಂದರೆ ತಡವಾಯಿತು ಎಂಬುದನ್ನು ನಾನು ಕಲಿತದ್ದು ನೀನು ಇಲ್ಲದಾಗ. ಲೆಕ್ಕ ಸರಳವಾಗಿದೆ: ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸೇರಿ ನಮ್ಮ ಮೈಯಲ್ಲಿ ಸುಮಾರು 500 ಗ್ರಾಂ ಗ್ಲೈಕೋಜೆನ್, ಎಂದರೆ ಕೂಡಿಟ್ಟ ಸಕ್ಕರೆ, ಇರುತ್ತದೆ, ಅಂದರೆ ಹೆಚ್ಚುಕಡಿಮೆ 2,000 ಕಿಲೋಕ್ಯಾಲರಿ. ಓಡುವಾಗ ಒಂದು ಕಿಲೋಮೀಟರಿಗೆ, ಮೈತೂಕದ ಒಂದೊಂದು ಕಿಲೋಗೆ, ಸುಮಾರು ಒಂದು ಕಿಲೋಕ್ಯಾಲರಿ ಖರ್ಚಾಗುತ್ತದೆ. 70 ಕಿಲೋ ತೂಗುವ ನನ್ನಂಥವನು ಮ್ಯಾರಥಾನಿನ 42.195 ಕಿಲೋಮೀಟರು ಮುಗಿಸಲು 3,000ದ ಹತ್ತಿರ ಬೇಕು. ಒಂದಿಷ್ಟನ್ನು ಕೊಬ್ಬು ತುಂಬಿಕೊಡುತ್ತದೆಯಾದರೂ ಅದರ ಕೈ ಬಲು ನಿಧಾನ. ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಓಟಗಾರರು ‘ಗೋಡೆಗೆ ಗುದ್ದಿದೆ’ ಎನ್ನುವುದು ಈ ಖಜಾನೆ ಬರಿದಾದ ಗಳಿಗೆಯನ್ನೇ. ಆದ್ದರಿಂದ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟನ್ನು, ಮೊದಲ ಮುಕ್ಕಾಲು ಗಂಟೆಯೊಳಗೇ ಆರಂಭಿಸಿ, ಹೊಟ್ಟೆಗೆ ಸೇರಿಸುತ್ತಾ ಹೋಗಬೇಕು. ಓಟಗಾರರು ಹೀರುವ ಸಿಹಿ ಪಾಕದ ಪೊಟ್ಟಣವಾದ ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿಯೂ ಸುಮಾರಾಗಿ ಅಷ್ಟೇ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕರುಳಿನಲ್ಲಿ ಬೇರೆ ಬೇರೆ ಬಾಗಿಲುಗಳಿಂದ ಒಳಹೋಗುವುದರಿಂದ ಎರಡನ್ನೂ ಬೆರೆಸಿ ತೆಗೆದುಕೊಳ್ಳುವವರು 90 ಗ್ರಾಂವರೆಗೂ ಅರಗಿಸಿಕೊಳ್ಳಬಲ್ಲರು. ಆದರೆ ಕಾಲಿಗೆ ಅಭ್ಯಾಸ ಬೇಕಾದ ಹಾಗೆ ಹೊಟ್ಟೆಗೂ ಬೇಕು, ಪಂದ್ಯದ ದಿನ ಹೊಸ ಜೆಲ್ ತಿಂದು ನೋಡಿದವರ ಕಥೆಯನ್ನು ಊಟದ ಹೊತ್ತಿನಲ್ಲಿ ಹೇಳಬಾರದು.

ನನ್ನ ಈಗಿನ ಪದ್ಧತಿ ಹೀಗಿದೆ. ಅಗಿಯುವ ಶಕ್ತಿ ಇರುವ ಮೊದಲ ಒಂದೂವರೆ ಗಂಟೆ ಖರ್ಜೂರ, ಆಮೇಲೆ ಜೆಲ್. ಬೀಜ ತೆಗೆದ ಖರ್ಜೂರಕ್ಕೆ ಚಿಟಿಕೆ ಉಪ್ಪು ಉದುರಿಸಿ ಸಣ್ಣ ಚೀಲದಲ್ಲಿ ಕಟ್ಟಿ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ; ಹತ್ತು ಕಿಲೋಮೀಟರು ಕಳೆಯುವಷ್ಟರಲ್ಲಿ ಮೈಯ ಬಿಸಿಗೆ ಅವೆಲ್ಲ ಒಂದೇ ಮುದ್ದೆಯಾಗಿ, ಯಾವುದು ಎರಡನೆಯದು, ಯಾವುದು ಮೂರನೆಯದು ಎಂಬ ಭೇದ ಅಳಿದುಹೋಗಿರುತ್ತದೆ. ಜೆಲ್‌ನ ಮೂಲೆಯನ್ನು ಹಲ್ಲಿನಲ್ಲಿ ಹರಿದರೆ ಆ ಚೂರು ತುಟಿಗೆ ಅಂಟುತ್ತದೆ, ಉಳಿದದ್ದು ಬೆರಳಿಗೆ ಇಳಿಯುತ್ತದೆ, ಅದೇ ಬೆರಳಿನಿಂದ ಇಯರ್‌ಫೋನ್ ಮುಟ್ಟಿದರೆ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡು ಹಾಡುಗಳು ಒಂದರ ಹಿಂದೆ ಒಂದು ತಾವಾಗಿಯೇ ಬದಲಾಗುತ್ತವೆ. ಜೆಲ್‌ನ ರುಚಿಯನ್ನು ನೀನು ಹಳಿಯುವಾಗಲೆಲ್ಲ ನಾನು ಥಾಮಸ್ ಹಿಕ್ಸ್‌ನನ್ನು ನೆನೆಯುತ್ತೇನೆ: 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಆತನಿಗೆ ದಾರಿಯಲ್ಲಿ ಕುಡಿಸಿದ್ದು ಮೊಟ್ಟೆಯ ಬಿಳಿಭಾಗ, ಬ್ರಾಂಡಿ ಮತ್ತು ಸ್ಟ್ರಿಕ್ನಿನ್ ಎಂಬ ವಿಷ, ಆದರೂ ಚಿನ್ನ ಆತನಿಗೇ ಬಂತು.

ತಿನಿಸು ಬರಿಯ ಇಂಧನವಲ್ಲ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಸಾಕ್ಷಿಯೊಂದಿದೆ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೈಕಲ್ ಸವಾರರಿಗೆ ಸುಮಾರು ಒಂದು ಗಂಟೆಯ ಓಟದ ನಡುವೆ ಕಾರ್ಬೋಹೈಡ್ರೇಟ್ ಬೆರೆಸಿದ ನೀರನ್ನು ಕೊಟ್ಟರು, ಆದರೆ ನುಂಗಲು ಬಿಡಲಿಲ್ಲ. ಬಾಯಿ ಮುಕ್ಕಳಿಸಿ ಉಗುಳಬೇಕಿತ್ತು. ಒಂದು ಕಣವೂ ಹೊಟ್ಟೆಗೆ ಹೋಗದಿದ್ದರೂ ಅವರ ವೇಗ ಶೇಕಡಾ ಮೂರರಷ್ಟು ಹೆಚ್ಚಿತು. ಊಟ ಬರುತ್ತಿದೆ ಎಂದು ಬಾಯಿ ಮಿದುಳಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತದೆ, ಮಿದುಳು ನಂಬಿ ಕಡಿವಾಣ ಸಡಿಲಿಸುತ್ತದೆ. ಉಗುಳಿದ ಸಿಹಿಯ ಈ ಮಾತನ್ನು ನೆನಪಿನಲ್ಲಿಡು, ಇದಕ್ಕೆ ಮತ್ತೆ ಬರುತ್ತೇನೆ.

ಇನ್ನು ಹಾಡು. ನಿನ್ನ ಕಣ್ಣಿನಲ್ಲಿ ಇದು ಅಪರಾಧ. ಕಿವಿ ಮುಚ್ಚಿಕೊಂಡು ಓಡುವವನು ಮೂಗು ಮುಚ್ಚಿಕೊಂಡು ಉಂಡ ಹಾಗೆ ಎನ್ನುವವನು ನೀನು. ಆದರೆ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಕೋಸ್ಟಾಸ್ ಕರಾಗಿಯೋರ್ಗಿಸ್ ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿದ್ದಾರೆ, ಅವರ ಮಾತು ನನ್ನ ಪರವಾಗಿಯೇ ಇದೆ: ಹಗುರ ಅಥವಾ ಮಧ್ಯಮ ಶ್ರಮದಲ್ಲಿ ಸಂಗೀತ ಕೇಳಿದರೆ ಆಯಾಸ ಸುಮಾರು ಹತ್ತನೆಯ ಒಂದು ಪಾಲು ಕಡಿಮೆಯಾದಂತೆ ಅನ್ನಿಸುತ್ತದೆ. ಏದುಸಿರು ಬರುವಷ್ಟು ಜೋರಾಗಿ ಓಡಿದರೆ ಮೈ ಕಳಿಸುವ ದೂರುಗಳ ಗದ್ದಲದಲ್ಲಿ ಹಾಡು ಮುಳುಗಿಹೋಗುತ್ತದೆ, ಆಗ ಅದರ ಉಪಕಾರ ಅಷ್ಟಕ್ಕಷ್ಟೆ. ದೀರ್ಘ ಓಟವನ್ನು ಓಡಬೇಕಾದದ್ದೇ ಸಲೀಸಾದ ವೇಗದಲ್ಲಿ ಆದ್ದರಿಂದ ಹಾಡಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರ್‌ಸೆಲಾಸಿ 1998ರಲ್ಲಿ ಒಳಾಂಗಣದ 2,000 ಮೀಟರ್ ದಾಖಲೆ ಮಾಡಿದಾಗ ಕ್ರೀಡಾಂಗಣದಲ್ಲಿ ತನಗೆ ಬೇಕಾದ ಹಾಡನ್ನೇ ಹಾಕಿಸಿಕೊಂಡು ಅದರ ಲಯಕ್ಕೆ ಹೆಜ್ಜೆ ಕೂಡಿಸಿದ್ದನ್ನು ನಿನ್ನ ಮುಂದೆ ನಾನು ಎಷ್ಟು ಸಲ ಹೇಳಿದ್ದೇನೆಂಬ ಲೆಕ್ಕ ನಿನ್ನಲ್ಲಿಯೇ ಇರಬೇಕು. ನನ್ನ ನಿಯಮ ಒಂದೇ: ಮೊದಲ 12 ಕಿಲೋಮೀಟರು ಹಾಡಿಲ್ಲ. ಉತ್ಸಾಹ ತಾನಾಗಿಯೇ ಇರುವಾಗ ಹಾಡನ್ನು ಖರ್ಚು ಮಾಡಿದರೆ ಅದು ಬೇಕಾದಾಗ ಮಾಮೂಲಾಗಿರುತ್ತದೆ. ಆ 12 ಕಿಲೋಮೀಟರುಗಳಲ್ಲಿ ಪತ್ತೇದಾರಿ ಕಾದಂಬರಿಯೊಂದರ ಧ್ವನಿಮುದ್ರಿಕೆ ಕೇಳುತ್ತೇನೆ, ಅದನ್ನು ಮನೆಯಲ್ಲಿ ಕೇಳಬಾರದೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೇನೆ. ಸಂಶೋಧಕಿ ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಸಂಗಡಿಗರು ಹೀಗೆಯೇ ಜಿಮ್‌ನಲ್ಲಿ ಮಾತ್ರ ಕಾದಂಬರಿ ಕೇಳಲು ಬಿಟ್ಟಾಗ ಜನ ಮೊದಮೊದಲು ಶೇಕಡಾ 51ರಷ್ಟು ಹೆಚ್ಚು ಬಾರಿ ಬಂದರೆಂದೂ ಒಂದು ರಜೆ ಬಂದು ಹೋದ ಮೇಲೆ ಆ ಹುರುಪು ಇಳಿಯಿತೆಂದೂ 2014ರಲ್ಲಿ ಪ್ರಕಟಿಸಿದ್ದಾರೆ. ನನ್ನದು ಇನ್ನೂ ಇಳಿದಿಲ್ಲ, ಕೊಲೆಗಾರ ಸಿಕ್ಕಿಲ್ಲ.

ಭಾನುವಾರ 23ನೆಯ ಕಿಲೋಮೀಟರಿನವರೆಗೂ ಎಲ್ಲವೂ ಲೆಕ್ಕದಂತೆ ನಡೆಯಿತು. ಅಲ್ಲಿ ಇಯರ್‌ಫೋನಿನೊಳಗಿನ ಹೆಣ್ಣುದನಿ ಬ್ಯಾಟರಿ ಮುಗಿಯಿತೆಂದು ಸೌಜನ್ಯದಿಂದ ತಿಳಿಸಿ ಹೊರಟುಹೋಯಿತು. ಆಮೇಲೆ ಕೇಳಿಸಿದ್ದು ಎರಡೇ: ಸೊಂಟದ ಬಾಟಲಿಯಲ್ಲಿ ಅರ್ಧ ಉಳಿದ ನೀರು ಕುಲುಕುವ ಸದ್ದು, ಮತ್ತು ನನ್ನ ಬಲಗಾಲು ಎಡಗಾಲಿಗಿಂತ ಜೋರಾಗಿ ನೆಲಕ್ಕೆ ಬಡಿಯುವ ಸದ್ದು. ಬಲಗಾಲನ್ನು ಹಾಗೆ ಅಪ್ಪಳಿಸಬೇಡವೆಂದು ನೀನು ಒಂದು ವರ್ಷ ಹೇಳಿದ್ದೆ. ಇಲ್ಲವೆಂದು ನಾನು ಒಂದು ವರ್ಷ ವಾದಿಸಿದ್ದೆ.

ಹೆಬ್ಬೆರಳಿನ ಮಾತಿಗೆ ಬರುತ್ತೇನೆ. ನಿನ್ನ ಸಂದೇಶದಲ್ಲಿ ಇದ್ದದ್ದು ಒಂದು ವಾಕ್ಯವಲ್ಲ, ಎರಡು. ಓಟ ಹೇಗಾಯಿತು ಎಂಬುದು ಮೊದಲನೆಯದು. ಮೂಳೆ ಕೂಡಿದೆ ಎಂದು ಡಾಕ್ಟರು ಹೇಳಿದ್ದಾರೆ, ಮುಂದಿನ ಭಾನುವಾರದಿಂದ ನಾನೂ ಬರುತ್ತೇನೆ ಎಂಬುದು ಎರಡನೆಯದು. ಮೂಳೆಯ ಸುದ್ದಿ ನನಗೆ ಶನಿವಾರವೇ ಬೇರೊಬ್ಬರಿಂದ ತಿಳಿದಿತ್ತು. ತಿಳಿದೂ ನಾನು ಫೋನ್ ಮಾಡಲಿಲ್ಲ, ಬೇಗ ಮಲಗಬೇಕೆಂಬ ನೆಪ ಕೈಯಲ್ಲಿಯೇ ಇತ್ತು. 23ರಿಂದ 32ರವರೆಗಿನ ಒಂಬತ್ತು ಕಿಲೋಮೀಟರುಗಳಲ್ಲಿ, ಯಾವ ಹಾಡಿನ ಹಿಂದೆಯೂ ಅಡಗಲಾರದೆ, ನಾನು ಏಕೆ ಫೋನ್ ಮಾಡಲಿಲ್ಲವೆಂದು ಯೋಚಿಸಿದೆ.

ನಿನ್ನ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್, ಎಂದರೆ ಓಡಿ ಓಡಿ ಬಿದ್ದ ಸಣ್ಣ ಬಿರುಕು, ಇದೆಯೆಂದು ಗೊತ್ತಾದ ದಿನ ನಾನು ಅರ್ಧ ಗಂಟೆ ಮಾತನಾಡಿ ನಿನಗೆ ಸಮಾಧಾನ ಹೇಳಿದೆನಲ್ಲ, ಆ ಫೋನ್ ಇಟ್ಟವನೇ ನಾನು ಮಾಡಿದ ಮೊದಲ ಕೆಲಸ ಇಯರ್‌ಫೋನನ್ನು ಹುಡುಕಿ ಚಾರ್ಜಿಗೆ ಹಾಕಿದ್ದು. ಪೂರ್ತಿ ವಾಕ್ಯದಲ್ಲಿ ಮಾತನಾಡಲು ಬಂದರೆ ಮಾತ್ರ ಅದು ಸಲೀಸಾದ ವೇಗ ಎಂದು ನೀನು ಹೇಳುತ್ತಿದ್ದೆ, ಮತ್ತು ಪೂರ್ತಿ ವಾಕ್ಯಗಳಲ್ಲಿಯೇ ಹೇಳುತ್ತಿದ್ದೆ. ನಾನು ಹೂಂ ಎನ್ನುತ್ತಿದ್ದೆ, ಏಕೆಂದರೆ ನನ್ನಲ್ಲಿ ಅಷ್ಟೇ ಉಸಿರು ಉಳಿದಿರುತ್ತಿತ್ತು. ನಿನ್ನ ಸಲೀಸಾದ ವೇಗ ನನ್ನ ಪಂದ್ಯದ ವೇಗ. ಎರಡು ವರ್ಷ ಪ್ರತಿ ಭಾನುವಾರ ನಾನು ಓಡಿದ್ದು ಪಂದ್ಯವನ್ನು, ನಿನಗೆ ಗೊತ್ತಾಗದ ಹಾಗೆ, ನಿನ್ನ ಮೇಲೆ. ನಿನ್ನ ಕಾಲು ಕೈಕೊಟ್ಟಾಗ ನನಗೆ ಮೊದಲು ಆದದ್ದು ದುಃಖವಲ್ಲ, ಹಗುರ. ಆಮೇಲೆ ವಾರಕ್ಕೊಮ್ಮೆ ಕಾಲು ಹೇಗಿದೆಯೆಂದು ತಪ್ಪದೆ ಕೇಳಿದೆ, ಇನ್ನೂ ನೋವಿದೆ ಎಂದು ನೀನು ಹೇಳಿದಾಗಲೆಲ್ಲ ಅಯ್ಯೋ ಎಂದೆ, ಒಳಗೆ ಇನ್ನೊಂದು ವಾರ ಸಿಕ್ಕಿತೆಂದುಕೊಂಡೆ. ಬಾಯಿ ಮುಕ್ಕಳಿಸಿ ಉಗುಳಿದ ಸಿಹಿ ಎಂದೆನಲ್ಲ, ಅದು ಇದೇ. ನಾನು ಒಳ್ಳೆಯ ಗೆಳೆಯನೆಂದು ನನ್ನ ಮಿದುಳು ನಂಬಿತು, ನಿನ್ನದೂ ನಂಬಿತೇನೋ. ಹೊಟ್ಟೆಗೆ ಹೋದದ್ದು ಏನೂ ಇಲ್ಲ.

ಇಷ್ಟನ್ನು ಬರೆಯಬೇಕೆಂದು ಕುಳಿತವನಲ್ಲ ನಾನು. ಜೆಲ್‌ನ ಬಗ್ಗೆ ನಾಲ್ಕು ಮಾತು ಹೇಳಿ ಎದ್ದುಹೋಗುವವನಿದ್ದೆ. ಗ್ಲೈಕೋಜೆನ್ ಮುಗಿದ ತಲೆ ಸಣ್ಣದನ್ನೆಲ್ಲ ಬೆಟ್ಟ ಮಾಡಿ ತೋರಿಸುತ್ತದೆ ಎಂದು ಬೇಕಾದರೆ ತಿಳಿದುಕೋ. ಆದರೆ ನಾಲ್ಕು ದಿನ ಕಂಠಮಟ್ಟ ಉಂಡ ಮೇಲೆ ಬರೆಯುತ್ತಿರುವುದರಿಂದ ಆ ನೆಪ ಹೆಚ್ಚು ಹೊತ್ತು ನಿಲ್ಲಲಾರದು. ಉಳಿದ ಒಂಬತ್ತು ಕಿಲೋಮೀಟರುಗಳ ಕಥೆ ಬೇಗ ಮುಗಿಯುತ್ತದೆ: 28ರಲ್ಲಿ ಕೊನೆಯ ಜೆಲ್ ಹರಿಯುವಾಗ ಅದರ ಅರ್ಧ ಭಾಗ ಹುಬ್ಬಿಗೆ ಹೋಯಿತು, 30ರಲ್ಲಿ ಒಂದು ನೊಣ ನನ್ನ ಜೊತೆ ಓಡತೊಡಗಿತು, ಅದು ಪೂರ್ತಿ ವಾಕ್ಯದಲ್ಲಿ ಮಾತನಾಡುತ್ತಿರಲಿಲ್ಲ ಎಂಬ ಕಾರಣಕ್ಕೆ ಅದರ ಸಹವಾಸ ಹಿತವಾಗಿತ್ತು.

ಪಂದ್ಯಕ್ಕೆ ಇನ್ನೂ ಎರಡು ವಾರಕ್ಕಿಂತ ಹೆಚ್ಚು ಇದೆ, ದೂರ ಇಳಿಸುವ ದಿನಗಳು ಬಂದಿವೆ; ಬರುವ ಭಾನುವಾರ ನನಗೆ 19 ಮಾತ್ರ. ನಿನಗೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಬರೆದುಕೊಟ್ಟಿದ್ದಾರಂತೆ. ನನ್ನ ಮೊದಲ ನಾಲ್ಕು ಕಿಲೋಮೀಟರನ್ನು ನಿನ್ನ ಲೆಕ್ಕದಲ್ಲಿಯೇ ಮಾಡುತ್ತೇನೆ. ಅಷ್ಟು ಹೊತ್ತಾದರೂ ಮಾತನಾಡುವ ಉಸಿರು ನನ್ನಲ್ಲಿ ಇರುತ್ತದೆ, ಹೂಂ ಎನ್ನುವ ಸರದಿ ನಿನ್ನದು. ಈ ಪತ್ರ ಓದಿದ ಮೇಲೆ ಅದನ್ನೂ ಎನ್ನಲು ಮನಸ್ಸು ಬಾರದಿದ್ದರೆ ಸುಮ್ಮನೆ ನಡೆ, ನಾನು ಪಕ್ಕದಲ್ಲಿ ಬಲಗಾಲು ಅಪ್ಪಳಿಸಿಕೊಂಡು ಬರುತ್ತೇನೆ. ಇಯರ್‌ಫೋನಿನ ಗುಂಡಿ ಹೇಗೂ ಜೆಲ್‌ಗೆ ಅಂಟಿ ಕೂತಿದೆ. ತಿನಿಸಿನ ಖಾತೆಯನ್ನು ಆ ದಿನದ ಮಟ್ಟಿಗೆ ನಾನೇ ನೋಡಿಕೊಳ್ಳುತ್ತೇನೆ, ನೀನು ಕೈ ಬೀಸಿಕೊಂಡು ಬಾ.

ಬಾಳೆಹಣ್ಣು ಎರಡೇ ತರುತ್ತೇನೆ.

ಇಂತಿ,
ನಿನ್ನ ಹಿಂದಿನಿಂದ ಹೂಂ ಎನ್ನುತ್ತಿದ್ದವನು