ವೃಷಭಾವತಿಗೆ ಜರಡಿ ಪರೀಕ್ಷೆ ಬೇಕು

ಮಾನ್ಯರೇ,

ಪೀಣ್ಯ ಕೈಗಾರಿಕಾ ಪ್ರದೇಶದ ಹೊಲಸನ್ನು ಹೊತ್ತ ವೃಷಭಾವತಿ ನದಿ ಬೈರಮಂಗಲ ಕೆರೆಯತ್ತ ಹರಿಯುತ್ತದೆ. ಅದೇ ನೀರು ಹೊಲಗಳಿಗೂ ಹೋಗುತ್ತದೆ. ನೀರಿನ ಕೊಳೆ ಎಷ್ಟು ಆಮ್ಲಜನಕ ಬೇಡುತ್ತದೆ ಎಂದು ಹೇಳುವ ಬಿಒಡಿ, ಸಿಒಡಿಗಳನ್ನು ಅಳೆದ ಮಾತ್ರಕ್ಕೆ ಅದು ಎಷ್ಟು ವಿಷಕಾರಿ ಎಂದು ತಿಳಿಯುವುದಿಲ್ಲ. ಒಂದೊಂದು ರಾಸಾಯನಿಕವೂ ಮಿತಿಯೊಳಗಿದ್ದರೂ ಎಲ್ಲವೂ ಬೆರೆತಾಗ ಜೀವ ತೆಗೆಯಬಹುದು.

ಹಾಗಾಗಿ ಮೊದಲು ವಿಷಕಾರಿ ಮಾದರಿಗಳನ್ನು ಸೋಸಿ ಗುರುತಿಸುವ ಅಗ್ಗದ ಜರಡಿ ಪರೀಕ್ಷೆ (ಸ್ಕ್ರೀನಿಂಗ್) ನಡೆಯಲಿ. ಹುಟ್ಟಿ 24 ಗಂಟೆ ಕಳೆಯದ ಡಾಫ್ನಿಯಾ ಎಂಬ ನೀರುಚಿಗಟದ ಮರಿಗಳನ್ನು ಆ ನೀರಿನಲ್ಲಿ ಬಿಟ್ಟು, 48 ಗಂಟೆಗಳಲ್ಲಿ ಎಷ್ಟು ಮರಿಗಳು ಈಜು ನಿಲ್ಲಿಸಿದವು ಎಂದು ಎಣಿಸುವ ವಿಧಾನವನ್ನು ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿಯ 202ನೇ ಮಾರ್ಗಸೂಚಿ ವಿವರಿಸಿದೆ. ಇಲ್ಲಿ ಸಿಕ್ಕಿಬಿದ್ದ ಮಾದರಿಗಳಿಗೆ ದುಬಾರಿ ವಿಶ್ಲೇಷಣೆ ಮಾಡಿಸಬಹುದು. ಕ್ಯಾನ್ಸರ್‌ನಂಥ ನಿಧಾನದ ಹಾನಿಯನ್ನು ಈ ಚಿಗಟ ತೋರಿಸದು. ಹಾಗಾಗಿ ಕ್ರೋಮಿಯಂ ಲೋಹದ ಅಳತೆಯನ್ನಂತೂ ಬಿಡುವಂತಿಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿ ನಗರದ ವಿಜ್ಞಾನ ಸಂಸ್ಥೆಗಳೊಡನೆ ಸೇರಿ ಇದನ್ನು ರೂಪಿಸಲಿ. ಫಲಿತಾಂಶವನ್ನು ಬೈರಮಂಗಲದ ರೈತರಿಗೆ ಕನ್ನಡದಲ್ಲೇ ತಿಳಿಸಲಿ.

– ಓದುಗ, ಬೆಂಗಳೂರು