ಬಾಂಡ್ ಮುಗಿಯುವವರೆಗೆ

ಪುಟ್ಟಾ,

ನಿನ್ನ ಮೆಸೇಜು ಓದಿದೆ. ಕೇಸಿನ ವಿಷಯ, ಜೈಲಿಗೆ ಕಳಿಸುವ ಬದಲು ಕೋರ್ಟು ಬರೆಸಿಕೊಂಡ ಸನ್ನಡತೆಯ ಬಾಂಡ್, ನಿಮ್ಮಮ್ಮನ ಮುನಿಸು, ಎಲ್ಲ ಗೊತ್ತಿರುವುದೇ. ಕೊನೆಗೆ ಬರೆದಿದ್ದೀಯಲ್ಲ, "ಬಾಂಡ್ ಮುಗಿಯುವವರೆಗೆ ನಾನಿರ್ತೀನೋ ಇಲ್ವೋ ಮಾವ" ಅಂತ, ಅದು ನಿದ್ದೆ ಕೆಡಿಸಿತು. ಬೆಳಿಗ್ಗೆ ಫೋನ್ ಮಾಡಿದವನು ಊಟ, ಮಳೆ ಅಂತ ಏನೇನೋ ಮಾತಾಡಿ ಇಟ್ಟೆ. ಬಾಯಿ ಬರಲಿಲ್ಲ. ಅದಕ್ಕೇ ವಾಟ್ಸಾಪಿನಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ.

ಸಾಯುವ ಯೋಚನೆ ಬರುತ್ತಿದೆಯಾ?

ಹೀಗೆ ಕೇಳಿದರೆ ಇಲ್ಲದ್ದು ತಲೆಗೆ ಹೊಕ್ಕೀತು ಅಂತ ನಾನೂ ನಂಬಿದ್ದೆ. ಹಾಗಾಗುವುದಿಲ್ಲ ಅಂತ ಡಾಕ್ಟರೇ ಹೇಳುತ್ತಾರೆ. ನನಗೆ ತಡವಾಗಿ ತಿಳಿಯಿತು. ದಾವಣಗೆರೆಯಲ್ಲಿ ಗಿರಣಿಗೆ ಹೋಗುತ್ತಿದ್ದಾಗ ಒಬ್ಬ ಗೆಳೆಯನಿದ್ದ. ಅವನೂ ನಿನ್ನ ಹಾಗೆ ಸನ್ನಡತೆಯ ಬಾಂಡ್ ಮೇಲೆ ಹೊರಗಿದ್ದವನು. ಒಂದು ಸಂಜೆ ಬಂದು, ವರ್ಷದ ಹಿಂದೆ ಒಯ್ದಿದ್ದ ಟಾರ್ಚು ವಾಪಸ್ ಕೊಟ್ಟ. "ಈಗ ನೆನಪಾಯ್ತೇನೋ" ಅಂದೆ. ನಕ್ಕ. ಕಾಫಿ ಕುಡಿದು ಹೋದ. ಆ ವಾರ ದಾಟಲಿಲ್ಲ. ಟಾರ್ಚು ಇನ್ನೂ ಅಟ್ಟದ ಮೇಲಿದೆ.

ನೀನು ಬೈಕನ್ನು ತಮ್ಮನಿಗೆ ಕೊಟ್ಟೆ ಅಂತ ಬರೆದಿದ್ದೀಯ. ಸುಮ್ನೆ ಕೊಟ್ಟೆಯಾ?

ಬಾಂಡ್ ಮೇಲಿರುವವರನ್ನು ನೋಡಿಕೊಳ್ಳುವ ಪ್ರೊಬೇಷನ್ ಆಫೀಸರ ಹತ್ತಿರ ಇದನ್ನು ಹೇಳಿದರೆ ಬಾಂಡ್ ರದ್ದಾದೀತು ಅನ್ನುವ ಭಯ ನಿನಗೆ. ವಕೀಲರನ್ನು ಕೇಳಿ ಬಂದೆ. ಮನಸ್ಸು ಸರಿಯಿಲ್ಲ ಅಂದರೆ ಷರತ್ತು ಮುರಿದ ಹಾಗಲ್ಲವಂತೆ. ಬುದ್ಧಿ ಹೇಳುವುದು, ನೆರವಾಗುವುದು, ಬೇಕಾದರೆ ಕೆಲಸ ಹುಡುಕಿಕೊಡಲು ನೋಡುವುದು, ಇದೂ ಆಫೀಸರ ಕೆಲಸ ಅಂತ 1958ರ ಪ್ರೊಬೇಷನ್ ಕಾಯ್ದೆಯಲ್ಲೇ ಇದೆಯಂತೆ. ಪ್ರಾಣ ಕಳೆದುಕೊಳ್ಳಲು ಹೋಗಿ ಬದುಕುಳಿದವರನ್ನೂ ತೀರಾ ಒತ್ತಡದಲ್ಲಿದ್ದವರು ಅಂತ ನೋಡಬೇಕು, ಶಿಕ್ಷೆ ಕೊಡಬಾರದು ಅನ್ನುತ್ತದಂತೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ನನ್ನ ಗೆಳೆಯನ ಕಾಲದಲ್ಲಿ ಅದಕ್ಕೂ ಕೇಸು ಹಾಕುತ್ತಿದ್ದರು. ಆ ಹೆದರಿಕೆಗೇ ಅವನು ಬಾಯಿ ಬಿಡಲಿಲ್ಲವೋ ಏನೋ. ನಾನಾದರೂ ಕೇಳಿದೆನಾ?

ಜಾಮೀನಿಗೆ ಸಹಿ ಹಾಕಿದ ದಿನ ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸಿ ನಿನಗೆ ಉಪದೇಶ ಮಾಡಿದೆ. ಬೆಳಿಗ್ಗೆಯಿಂದ ಏನಾದರೂ ತಿಂದೆಯಾ ಅಂತ ಕೇಳಲಿಲ್ಲ. ಅದು ನನ್ನ ತಪ್ಪು ಕಣೋ.

ಜಾಸ್ತಿ ಹೇಳುವಷ್ಟು ತಿಳಿದವನೂ ಅಲ್ಲ ನಾನು. 14416 ಅಂತ ಒಂದು ನಂಬರಿದೆ, ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವುದಕ್ಕೆ ಸರ್ಕಾರ ಇಟ್ಟಿರುವುದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಾವನ ಹತ್ತಿರ ಹೇಳಲಾಗದ್ದನ್ನು ಅಲ್ಲಿ ಹೇಳು. ರಾತ್ರಿ ಒಬ್ಬನೇ ಇರಬೇಡ, ರೂಮಿನ ಹುಡುಗನಿಗೆ ಇವತ್ತು ಎಲ್ಲೂ ಹೋಗಬೇಡ ಅನ್ನು.

ಹತ್ತೂವರೆ ಬಸ್ಸಿಗೆ ಹೊರಟಿದ್ದೇನೆ. ಬೆಳಿಗ್ಗೆ ನಿನ್ನ ಬಾಗಿಲಲ್ಲಿರುತ್ತೇನೆ. ಮೇಲೆ ಕೇಳಿದ್ದಕ್ಕೆ ಹೌದು ಅಂತಲೋ ಇಲ್ಲ ಅಂತಲೋ ಈಗಲೇ ಬರಿ. ಹೌದಾದರೂ ಬರಿ.

ನಿನ್ನ ಮಾವ